ವಾಲ್ಟನ್ಸ್ ಮರುಮಿಲನ ಚಿತ್ರಗಳು: ಮಕ್ಕಳೆಲ್ಲ ಮದುವೆಗೆ ಮೊದಲೇ ಹುಟ್ಟಿದ್ರಾ?

ರಿಚ್ಮಂಡ್_ರಘು

ಎಲ್ಲರಿಗೂ ನಮಸ್ಕಾರ. ಅಮ್ಮ ಊರಿಂದ ಬಂದಿದ್ದಾರೆ. ಚಳಿಗೆ ಹೊರಗೆ ಹೋಗೋಕೆ ಆಗಲ್ಲ ಅಂತ 'ದಿ ವಾಲ್ಟನ್ಸ್' ಅನ್ನೋ ಹಳೇ ಅಮೆರಿಕನ್ ಟೀವಿ ಸೀರಿಯಲ್ ಡಿವಿಡಿ ಹಾಕಿದೆ. ವರ್ಜೀನಿಯಾದ ಬೆಟ್ಟದ ಊರು, ಮರ ಕೊಯ್ಯುವ ಮಿಲ್ಲು, ಅಜ್ಜ ಅಜ್ಜಿ, ಏಳು ಮಕ್ಕಳು. ಅಮ್ಮನಿಗೆ ತುಂಬಾ ಹಿಡಿಸಿಬಿಟ್ಟಿತು. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಯಾರು ಯಾರಿಗೆ ಏನಾಗಬೇಕು ಅನ್ನೋದು ಪಕ್ಕಾ ಗೊತ್ತು.

ಸೀರಿಯಲ್ ಮುಗಿದ ಮೇಲೆ ನೇರವಾಗಿ ಅದೇ ನಟರ ಮರುಮಿಲನ ಚಿತ್ರ, 1997ರ 'ಎ ವಾಲ್ಟನ್ ಈಸ್ಟರ್' ನೋಡಿದೆವು. ಕಥೆ ನಡೆಯುವುದು 1969ರಲ್ಲಿ. ಆ ಏಳು ಮಕ್ಕಳ ಅಪ್ಪ ಅಮ್ಮ ಜಾನ್ ಮತ್ತು ಒಲಿವಿಯಾ ಮದುವೆಯಾಗಿ 40 ವರ್ಷ ಅಂತ ಎಲ್ಲರೂ ಸೇರಿ ಸಂಭ್ರಮ ಮಾಡುತ್ತಾರೆ. ಅಮ್ಮ ಅಲ್ಲೇ ನಿಲ್ಲಿಸಲು ಹೇಳಿ, 'ಹಾಗಾದ್ರೆ ಮದುವೆ ಆಗಿದ್ದು 1929ರಲ್ಲಿ. ಕಥೆ ಶುರುವಾದ 1933ರಲ್ಲಿ ದೊಡ್ಡ ಹುಡುಗ ಕಾಲೇಜಿಗೆ ಹೋಗೋ ವಯಸ್ಸಿನವನು ಇದ್ನಲ್ಲೋ' ಅಂದರು. ಕಿರಿಯವಳು ಎಲಿಜಬೆತ್ ಕೂಡ ಆಗ ಆರು ವರ್ಷದವಳು. ಅಂದರೆ ಏಳೂ ಮಕ್ಕಳು ಮದುವೆಗೆ ಮೊದಲೇ!

ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳಲಿಲ್ವಾ? ಉಳಿದ ಚಿತ್ರಗಳಲ್ಲೂ ಹೀಗೇನಾ? ಯಾವುದನ್ನು ಮೊದಲು ನೋಡಬೇಕು?

ಸುಮಾ_ಕಂಟಿನ್ಯುಟಿ

ರಘು ಅವರೇ, ನಿಮ್ಮ ತಾಯಿಯ ಲೆಕ್ಕ ಸರಿ. ನಾನು ಬೆಂಗಳೂರಿನಲ್ಲಿ ಸೀರಿಯಲ್ ಸೆಟ್‌ಗಳಲ್ಲಿ ಕಂಟಿನ್ಯುಟಿ, ಅಂದರೆ ಒಂದು ಸೀನ್‌ಗೂ ಇನ್ನೊಂದಕ್ಕೂ ಹೊಂದಿಕೆ, ನೋಡಿಕೊಳ್ಳುತ್ತೇನೆ. ಹಾಗಾಗಿ ಈ ವಿಷಯ ನನಗೆ ಹತ್ತಿರದ್ದು.

ನಮ್ಮ ಕೆಲಸದಲ್ಲಿ ಎರಡು ಥರ. ಒಂದು ಕಣ್ಣಿಗೆ ಕಾಣುವುದು. ಮನೆ ಹೊರಗಿನ ಶಾಟ್ ಇವತ್ತು ತೆಗೆದರೆ, ಒಳಗಿನದ್ದು ವಾರ ಬಿಟ್ಟು ತೆಗೆಯುತ್ತೇವೆ. ಬಾಗಿಲು ದಾಟುವಾಗ ಮಲ್ಲಿಗೆ ಜಡೆಯ ಎಡಗಡೆ ಇಳಿಬಿದ್ದಿತ್ತು ಅಂದರೆ ಒಳಗೂ ಎಡಗಡೆಯೇ ಇರಬೇಕು, ಅಷ್ಟೇ ಉದ್ದ, ಅಷ್ಟೇ ಬಾಡಿರಬೇಕು. ಕೈಯಲ್ಲಿ ಯಾವ ಬಳೆ, ಸೆರಗು ಪಿನ್ ಮಾಡಿತ್ತೋ ಇಲ್ಲವೋ, ಎಲ್ಲ ಫೋನಲ್ಲಿ ಫೋಟೋ ಹಿಡಿದು ಸೀನ್ ನಂಬರ್ ಹಾಕಿ ಇಡುತ್ತೇವೆ. ಎರಡನೆಯದು ಕಥೆಯ ಕಂಟಿನ್ಯುಟಿ. ಯಾರ ವಯಸ್ಸೆಷ್ಟು, ಯಾರು ಸತ್ತರು, ಯಾರಿಗೆ ಯಾವ ಗುಟ್ಟು ಗೊತ್ತು. ಇದಕ್ಕೆ ಫೋಟೋ ಇಲ್ಲ. ಬರೆಯುವವರ ತಲೆಯಲ್ಲಿ ಇರುತ್ತದೆ, ಅವರು ಬದಲಾದರೆ ಹೋಯಿತು. ನಾನು ಕೆಲಸ ಮಾಡಿದ ಒಂದು ಸೀರಿಯಲ್‌ನಲ್ಲಿ ನಾಯಕಿಯ ಅಮ್ಮನಿಗೆ ಒಡಹುಟ್ಟಿದವರೇ ಇಲ್ಲ ಅಂತ ಮೊದಲೇ ಹೇಳಿ ಆಗಿತ್ತು. ಹೊಸ ಬರಹಗಾರರು ಬಂದ ಮೇಲೆ ಸೋದರಮಾವನ ಪ್ರವೇಶ ಆಯಿತು. ಹಳೇ ಸಂಚಿಕೆ ತೋರಿಸಿದರೂ ಚಾನೆಲ್‌ನವರು ಕೇಳಲಿಲ್ಲ.

ವಾಲ್ಟನ್ಸ್‌ಗೂ ಆಗಿದ್ದು ಇದೇ, ಇನ್ನೂ ದೊಡ್ಡ ಮಟ್ಟದಲ್ಲಿ. ಸೀರಿಯಲ್ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1972ರಿಂದ 1981ರವರೆಗೆ ಬಂತು. ಒಂಬತ್ತು ಸೀಸನ್‌ನಲ್ಲಿ 1933ರಿಂದ 1946ರವರೆಗಿನ ಕಥೆ. ಅಲ್ಲೇ ಕಥೆಯ ಕಾಲ ನಟರ ವಯಸ್ಸಿಗಿಂತ ಜೋರಾಗಿ ಓಡುತ್ತಿತ್ತು. 1982ರಲ್ಲಿ ಎನ್‌ಬಿಸಿ ಅನ್ನೋ ಇನ್ನೊಂದು ಚಾನೆಲ್‌ನಲ್ಲಿ ಮೂರು ಚಿತ್ರ ಬಂದವು, ಅವೆಲ್ಲ 1947ರ ಕಥೆ. ಆಮೇಲೆ ಹನ್ನೊಂದು ವರ್ಷ ಏನೂ ಇಲ್ಲ. 1993ರ ನವೆಂಬರ್‌ನಲ್ಲಿ ಸಿಬಿಎಸ್‌ಗೇ ವಾಪಸ್ ಬಂದಾಗ ಕಥೆಯನ್ನು ಒಂದೇ ಸಲ 1963ಕ್ಕೆ ಹಾರಿಸಿದರು. ಅಧ್ಯಕ್ಷ ಕೆನಡಿ ಹತ್ಯೆಯ ವಾರ ಬೇಕಿತ್ತು, ದೊಡ್ಡ ಮಗ ಜಾನ್-ಬಾಯ್ ನ್ಯೂಯಾರ್ಕ್‌ನಲ್ಲಿ ಟೀವಿ ಸುದ್ದಿಗಾರ ಆಗಿರಬೇಕಿತ್ತು. ನಟರಿಗೆ ಹನ್ನೊಂದು ವರ್ಷ ಕಳೆದಿದ್ದರೆ ಪಾತ್ರಗಳಿಗೆ ಹದಿನಾರು.

ಇದರಿಂದ ಜಾಸ್ತಿ ಪೆಟ್ಟು ತಿಂದಿದ್ದು ಎಲಿಜಬೆತ್. 1963ಕ್ಕೆ ಆಕೆಗೆ ಮೂವತ್ತಾರು ಆಗಬೇಕು. ನಟಿ ಕ್ಯಾಮಿ ಕಾಟ್ಲರ್ ಹುಟ್ಟಿದ್ದೇ 1965ರಲ್ಲಿ, ಚಿತ್ರದಲ್ಲಿ ಆಕೆಗೆ ಇಪ್ಪತ್ತೆಂಟು. ದೇಶ ಸುತ್ತಿ ಬರುವ, ಹಳೇ ಗೆಳೆಯ ಡ್ರೂ ಜೊತೆ ಏನು ಮಾಡಬೇಕೆಂದು ತೋಚದ ಹುಡುಗಿಯಾಗಿಯೇ ಆಕೆಯನ್ನು ಬರೆದಿದ್ದಾರೆ. ಅಜ್ಜಿಯನ್ನು ನೋಡಿ. 1933ರಲ್ಲೇ ಅರವತ್ತು ದಾಟಿದವರು, 1969ಕ್ಕೆ ನೂರರ ಹತ್ತಿರ ಇರಬೇಕು. ಅದನ್ನು ನಾನು ತಪ್ಪು ಅಂತ ಎಣಿಸುವುದೇ ಇಲ್ಲ. ಅಜ್ಜಿ ಪಾತ್ರದ ಎಲೆನ್ ಕಾರ್ಬಿಗೆ 1976ರಲ್ಲಿ ಪಾರ್ಶ್ವವಾಯು ಬಡಿದಿತ್ತು. ಮಾತು ತೊದಲುತ್ತಿದ್ದರೂ ಸೀರಿಯಲ್‌ಗೆ ವಾಪಸ್ ಬಂದರು, 1997ರಲ್ಲೂ ಬಂದರು. ಅವರು ಚಿತ್ರದಲ್ಲಿ ಇರುವುದು ಲೆಕ್ಕಕ್ಕಿಂತ ಮುಖ್ಯ.

ಇನ್ನು ನಿಮ್ಮ 40 ವರ್ಷದ ಪ್ರಶ್ನೆ. ಒಲಿವಿಯಾ ಪಾತ್ರದ ಮೈಕೆಲ್ ಲರ್ನ್ಡ್ ಹುಟ್ಟಿದ್ದು 1939ರಲ್ಲಿ. ಮಗನ ಪಾತ್ರ ಮಾಡಿದ ರಿಚರ್ಡ್ ಥಾಮಸ್‌ಗಿಂತ ಹನ್ನೆರಡೇ ವರ್ಷ ದೊಡ್ಡವರು. 1997ರಲ್ಲಿ ಅವರಿಗೆ ಅರವತ್ತೂ ತುಂಬಿರಲಿಲ್ಲ. ಆ ಮುಖ ನೋಡಿದರೆ 40ನೇ ವಾರ್ಷಿಕೋತ್ಸವ ಸರಿಯಾಗಿ ಹೊಂದುತ್ತದೆ. ಕಥೆಯ ಪ್ರಕಾರ ಐವತ್ತು ದಾಟಬೇಕು. ಬರೆದವರು ಮುಖ ನೋಡಿ ಎಣಿಸಿದ್ದಾರೆ, ಕ್ಯಾಲೆಂಡರ್ ನೋಡಿಲ್ಲ ಅಂತ ನನ್ನ ಅನಿಸಿಕೆ. 'ಐವತ್ತು' ಅಂತ ಬರೆದಿದ್ದರೆ ಏನೂ ಕೆಡುತ್ತಿರಲಿಲ್ಲ. ಸುವರ್ಣ ಮಹೋತ್ಸವ ಇನ್ನೂ ಚೆನ್ನಾಗಿರುತ್ತಿತ್ತು.

ಹಳೇ_ಟೀವಿ_ಗೆಳೆಯ

ಸುಮಾ ಮೇಡಂ, ಇಷ್ಟೆಲ್ಲ ಲೆಕ್ಕ ಬೇಕಾ? ಮರುಮಿಲನ ಚಿತ್ರ ನೋಡೋದು ಹಳೇ ಮುಖಗಳನ್ನು ಮತ್ತೊಮ್ಮೆ ಒಟ್ಟಿಗೆ ನೋಡೋಕೆ. ಆ ಮನೆಯ ಹಳೇ ಸೆಟ್ ಕೂಡ 1991ರಲ್ಲಿ ಸ್ಟುಡಿಯೋದಲ್ಲಿ ಬೆಂಕಿಗೆ ಹೋಗಿತ್ತು. ಮತ್ತೆ ಕಟ್ಟಿದರು. ಮೆಟ್ಟಿಲು ಆ ಕಡೆ ಈ ಕಡೆ ಆಗಿದ್ದರೆ ಯಾರು ನೋಡ್ತಾರೆ? ಸೀರಿಯಲ್‌ನಲ್ಲೇ ದೊಡ್ಡ ಮಗಳು ಮೇರಿ ಎಲೆನ್‌ಳ ಗಂಡ ಕರ್ಟ್ ಯುದ್ಧದಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಸತ್ತ ಅಂತ ಹೇಳಿ, ಆಮೇಲೆ ಬೇರೆ ನಟನನ್ನು ಹಾಕಿ ಬದುಕಿಸಿದ್ದರು. ಅದನ್ನೂ ಒಪ್ಪಿಕೊಂಡು ನೋಡಿದ್ದೀವಿ.

ಸುಮಾ_ಕಂಟಿನ್ಯುಟಿ

ಸರ್, ಮನೆ, ಮೆಟ್ಟಿಲು, ವಯಸ್ಸು ಎಲ್ಲ ಬಿಡೋಣ. ಅದರಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ನನಗೆ ಬಿಡಲು ಆಗದಿರುವುದು ಮೇರಿ ಎಲೆನ್ ವಿಷಯ.

1982ರ 'ಮದರ್ಸ್ ಡೇ ಆನ್ ವಾಲ್ಟನ್ಸ್ ಮೌಂಟನ್' ನೆನಪಿದೆಯಾ? ಆಕೆ ಜೋನ್ಸಿಯನ್ನು ಎರಡನೇ ಮದುವೆಯಾಗಿ ಮಧುಚಂದ್ರಕ್ಕೆ ಹೋದಾಗ ಕಾರು ಅಪಘಾತ. ಇನ್ನು ಮಕ್ಕಳಾಗುವುದಿಲ್ಲ ಅಂತ ತಿಳಿಯುತ್ತದೆ. ಆ ಚಿತ್ರ ನಿಂತಿರುವುದೇ ಆ ಸಂಕಟದ ಮೇಲೆ. ಗಂಡನಿಗೆ ಮುಖ ಕೊಡಲಾಗದ ಹೆಂಗಸು, ಕ್ಷಯ ಗೆದ್ದು ಬಂದ ತಾಯಿ ಒಲಿವಿಯಾ. ನಾನು ಅದನ್ನು ನೋಡಿ ಅತ್ತಿದ್ದೇನೆ. 1993ರ ಚಿತ್ರಕ್ಕೆ ಬಂದರೆ ಆಕೆಗೆ ಕೇಟಿ ಮತ್ತು ಕ್ಲೇ ಅಂತ ಮಕ್ಕಳು. ಹೇಗೆ ಅನ್ನುವುದಕ್ಕೆ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಕರ್ಟ್‌ನಿಂದ ಹುಟ್ಟಿದ ಜಾನ್ ಕರ್ಟಿಸ್ ಆ ಮನೆಯಲ್ಲಿ ಎಲ್ಲೂ ಕಾಣುವುದಿಲ್ಲ. ನಾವೆಲ್ಲ ತೊಟ್ಟಿಲಿನಿಂದ ನೋಡಿದ ಮಗು ಅದು. 1963ಕ್ಕೆ ಇಪ್ಪತ್ತು ದಾಟಿದ ಹುಡುಗ ಆಗಿರಬೇಕಿತ್ತು.

ಕರ್ಟ್‌ನನ್ನು ಬದುಕಿಸಿದ್ದು ನನಗೂ ಇಷ್ಟವಾಗಲಿಲ್ಲ. ಆದರೆ ಅಲ್ಲಿ ಮೇರಿ ಎಲೆನ್ ಅವನನ್ನು ಹುಡುಕಿಕೊಂಡು ಫ್ಲೋರಿಡಾಗೆ ಹೋಗುತ್ತಾಳೆ, ಎದುರಿಗೆ ನಿಂತು ಕೇಳುತ್ತಾಳೆ. ಕಥೆ ತಾನು ಮೊದಲು ಹೇಳಿದ್ದಕ್ಕೆ ಜವಾಬು ಕೊಟ್ಟಿತು. 1993ರಲ್ಲಿ ಆ ಜವಾಬು ಇಲ್ಲ. 'ದತ್ತು ತಗೊಂಡ್ವಿ' ಅಂತ ಅಡುಗೆಮನೆಯಲ್ಲಿ ಒಂದು ಮಾತು ಸಾಕಿತ್ತು. 'ಜಾನ್ ಕರ್ಟಿಸ್ ಪತ್ರ ಬಂತು' ಅಂತ ಒಂದು ಲಕೋಟೆ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ಖರ್ಚಿಲ್ಲ, ಹೊಸ ನಟನೂ ಬೇಡ.

ಇದು ಬೇರೆ ಯಾವುದೋ ಸೀರಿಯಲ್ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ವಾಲ್ಟನ್ಸ್ ಅಂದರೆ ದೊಡ್ಡವನಾದ ಜಾನ್-ಬಾಯ್ ತನ್ನ ಮನೆಯವರನ್ನು ನೆನೆಯುವ ಕಥೆ. ಆ ಕಥೆ ಹೇಳುವ ದನಿ ಸೀರಿಯಲ್ ಸೃಷ್ಟಿಸಿದ ಅರ್ಲ್ ಹ್ಯಾಮ್ನರ್ ಅವರದ್ದೇ. ರಾತ್ರಿ ದೀಪ ಆರಿದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಗುಡ್ ನೈಟ್ ಹೇಳುವ ಮನೆ. ಅಲ್ಲಿ ಒಬ್ಬ ಮೊಮ್ಮಗ ಸುಮ್ನೆ ಇಲ್ಲವಾಗಬಾರದು.

ಹಳೇ_ಟೀವಿ_ಗೆಳೆಯ

ಜಾನ್ ಕರ್ಟಿಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಹೌದು, ಅದು ಸರಿಯಲ್ಲ.

ರಘು, ರಿಚ್ಮಂಡ್‌ನಲ್ಲಿ ಇದ್ದೀರಾ ಅಂದ್ರೆ ಬಿಸಿಲು ಬಂದ ಮೇಲೆ ಅಮ್ಮನನ್ನು ಸ್ಕೈಲರ್‌ಗೆ ಕರ್ಕೊಂಡು ಹೋಗಿ. ಹ್ಯಾಮ್ನರ್ ಹುಟ್ಟಿ ಬೆಳೆದ ಊರು. ಹಳೇ ಶಾಲೆಯಲ್ಲಿ 1992ರಿಂದ ಮ್ಯೂಸಿಯಂ ಇದೆ, ಅಡುಗೆಮನೆ, ಜಾನ್-ಬಾಯ್ ಕೋಣೆ ಎಲ್ಲ ಮಾಡಿಟ್ಟಿದ್ದಾರೆ. ನಿಜವಾದ ಮನೆಯಲ್ಲಿ ಮಕ್ಕಳು ಎಂಟು, ಟೀವಿಯಲ್ಲಿ ಏಳು.

ರಿಚ್ಮಂಡ್_ರಘು

ಇಬ್ಬರಿಗೂ ಥ್ಯಾಂಕ್ಸ್. ಈಗ 1993ರದ್ದು ಹಾಕಲಾ?

ಸುಮಾ_ಕಂಟಿನ್ಯುಟಿ

ಬೇಡ. ಮೊದಲು 1982ರ ಮೂರು ನೋಡಿ. 'ಎ ವೆಡ್ಡಿಂಗ್', ಆಮೇಲೆ 'ಮದರ್ಸ್ ಡೇ', ಆಮೇಲೆ 'ಎ ಡೇ ಫಾರ್ ಥ್ಯಾಂಕ್ಸ್'. ಅವು ಸೀರಿಯಲ್ ಮುಗಿದ ಮರುವರ್ಷವೇ ಬಂದವು, ಕಥೆ ಸರಿಯಾಗಿ ಕೂಡಿಕೊಳ್ಳುತ್ತದೆ. ಆಮೇಲೆ 1993ರದ್ದು, 1995ರ 'ಎ ವಾಲ್ಟನ್ ವೆಡ್ಡಿಂಗ್'. 'ಮದರ್ಸ್ ಡೇ' ಮತ್ತು 1993ರದ್ದು ಎರಡೂ ಮುಗಿದ ಮೇಲೆ ಮೇರಿ ಎಲೆನ್ ಬಗ್ಗೆ ಅಮ್ಮ ಏನು ಹೇಳಿದರು ಅಂತ ಇಲ್ಲೇ ಬರೆಯಿರಿ.