ಮನೆಯಿಂದ ಊಟ-ತಿಂಡಿ ಮಾರುವವರಿಗೆ ಇನ್ಶೂರೆನ್ಸ್ ಬೇಕಾ? ಪುಟ್ಟಿಗೆ ಚಿಕ್ಕಮ್ಮನ ಉತ್ತರ

ಪುಟ್ಟಿ, ನಮ್ಮ ಗ್ರೂಪಿನಲ್ಲಿ ನೀನು ಹಾಕಿದ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಕೊಳ್ಳಬೇಡ.

ಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ಆರ್ಡರ್ ಮೇಲೆ ಕೊಡುತ್ತಿದ್ದೀಯ. ಈಗ ಅಪಾರ್ಟ್‌ಮೆಂಟಿನವರಿಗೆ ಮಧ್ಯಾಹ್ನದ ಊಟದ ಡಬ್ಬಿಯೂ ಶುರು ಮಾಡಿದ್ದೀಯ. ಯಾರಿಗಾದರೂ ತಿಂದು ಹೊಟ್ಟೆ ಕೆಟ್ಟರೆ ನನ್ನ ತಲೆಗೆ ಬರುತ್ತಾ, ಇನ್ಶೂರೆನ್ಸ್ ಬೇಕಾ ಅಂತ ಕೇಳಿದೆ. ಅದಕ್ಕೆ ಭಾವ ಬರೆದರು, "ಬೋರ್ಡ್ ಹಾಕಿಲ್ಲ, ಬಿಲ್ ಕೊಡಲ್ಲ, ಇದೇನು ಹೋಟೆಲಾ? ಏನೂ ಆಗಲ್ಲ ಬಿಡು" ಅಂತ.

ಭಾವ, ಬೇಜಾರು ಮಾಡಿಕೊಳ್ಳಬೇಡಿ, ಅದು ಹಾಗಲ್ಲ. ಕಾನೂನು ಬೋರ್ಡ್ ನೋಡುವುದಿಲ್ಲ, ದುಡ್ಡು ತಗೊಂಡು ಕೊಟ್ಟಿರಾ ಅಂತ ನೋಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಹಾರವೂ ಸರಕೇ. ಬಿಲ್ ಇಲ್ಲದಿದ್ದರೆ ಏನಂತೆ? ಫೋನ್‌ಪೇಯಲ್ಲಿ ದುಡ್ಡು ಬಂದದ್ದು ಇದೆ, ವಾಟ್ಸಾಪ್‌ನಲ್ಲಿ "ಅಕ್ಕಾ, ನಾಳೆಗೆ 30 ಹೋಳಿಗೆ" ಅನ್ನುವ ಮೆಸೇಜ್ ಇದೆ. ಸಾಕ್ಷಿಗೆ ಇನ್ನೇನು ಬೇಕು? ದೂರು ಕೊಡಲು ತಿಂದವರಿಗೆ 2 ವರ್ಷ ಟೈಮ್ ಇರುತ್ತದೆ. ಲಾಯರ್ ಇಡಲೇಬೇಕು ಅಂತಲೂ ಇಲ್ಲ. ಇನ್ನು 2006ರ ಆಹಾರ ಸುರಕ್ಷತೆ ಕಾಯ್ದೆಯ 65ನೇ ಸೆಕ್ಷನ್ ಇದೆ. ಆಹಾರದಿಂದ ಜೀವ ಹೋದರೆ ಪರಿಹಾರ 5 ಲಕ್ಷಕ್ಕೆ ಕಡಿಮೆ ಇರುವಂತಿಲ್ಲ. ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ. ಹೆದರಿಸಲು ಹೇಳುತ್ತಿಲ್ಲ ಪುಟ್ಟಿ. ಹೊಟ್ಟೆನೋವು ಬಂದದ್ದು ನಿನ್ನ ಅಡುಗೆಯಿಂದಲೇ ಅಂತ ಅವರು ತೋರಿಸಬೇಕಾಗುತ್ತದೆ, ಅದೇನು ಸುಲಭ ಅಲ್ಲ. ಆದರೆ "ಏನೂ ಆಗಲ್ಲ" ಅನ್ನುವ ಧೈರ್ಯಕ್ಕೆ ಬುಡ ಇಲ್ಲ, ಅಷ್ಟೇ.

ಹೊಸ ಪಾಲಿಸಿಯ ಮಾತು ಆಮೇಲೆ. ಈಗಾಗಲೇ ಇರುವ ಪಾಲಿಸಿಗಳನ್ನು ಮೊದಲು ಹೊರಗೆ ತೆಗೆ. ಇನ್ಶೂರೆನ್ಸ್ ಬ್ರಾಂಚಿನಲ್ಲಿ ಇಷ್ಟು ವರ್ಷ ಕ್ಲೈಮ್ ಕಾಗದ ನೋಡಿದ ಮೇಲೆ ನನಗೆ ಅನ್ನಿಸುವುದು ಇದು. ಜನ ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬೀಳುವುದಕ್ಕಿಂತ, ಇದೆ ಅಂದುಕೊಂಡು ಸಿಕ್ಕಿಬೀಳುವುದೇ ಜಾಸ್ತಿ. ಆ ಪಾಲಿಸಿಗಳನ್ನು ಕೊಟ್ಟದ್ದು ಒಂದು ಸಂಸಾರಕ್ಕೆ. ನೀನು ಅದೇ ಮನೆಯಲ್ಲಿ, ಅದೇ ಗಾಡಿಯಲ್ಲಿ ವ್ಯಾಪಾರ ಶುರು ಮಾಡಿದ್ದು ಕಂಪನಿಗೆ ಗೊತ್ತಿಲ್ಲ.

ಸ್ಕೂಟರನ್ನೇ ತಗೋ. ಅಳಿಯಂದಿರು ಆಫೀಸಿಗೆ ಹೋಗುತ್ತಾ ಡಬ್ಬಿ ತಲುಪಿಸುತ್ತಾರೆ ಅಂದೆ. ಪಾಲಿಸಿಯಲ್ಲಿ ಗಾಡಿಯನ್ನು ಯಾವುದಕ್ಕೆ ಬಳಸಬಹುದು ಅಂತ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಬಾಡಿಗೆಗೆ ಓಡಿಸುವಂತಿಲ್ಲ, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಊಟದ ಡಬ್ಬಿಗಳು ಸ್ವಂತ ಲಗೇಜು ಅಲ್ಲ, ಅಲ್ವಾ? ಡಬ್ಬಿ ಹೊತ್ತು ಹೋಗುವಾಗ ಗಾಡಿ ಬಿದ್ದರೆ ರಿಪೇರಿ ದುಡ್ಡಿಗೆ ಕಂಪನಿ ತಕರಾರು ಮಾಡಬಹುದು. ಎದುರಿನವರಿಗೆ ಪೆಟ್ಟಾದರೆ ಇನ್ನೂ ಕಷ್ಟ. ಕಂಪನಿಯೇ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಹೇಳಿದ್ದಿದೆ. ದಿನಾ ಡಬ್ಬಿ ಕಳಿಸುವುದಾದರೆ ಡೆಲಿವರಿ ಆ್ಯಪ್‌ನವರಿಗೆ ಕೊಡು, ಇಲ್ಲವೇ ತೆಗೆದುಕೊಳ್ಳುವವರೇ ಬಂದು ಒಯ್ಯಲಿ.

ಗ್ಯಾಸಿನದು ಇನ್ನೂ ಸೂಕ್ಷ್ಮ. ಸಿಲಿಂಡರ್ ಅಪಘಾತಕ್ಕೆ ತೈಲ ಕಂಪನಿಗಳೇ ಇನ್ಶೂರೆನ್ಸ್ ಮಾಡಿಸಿರುತ್ತವೆ, ನಮ್ಮಿಂದ ಪ್ರೀಮಿಯಂ ತೆಗೆದುಕೊಳ್ಳುವುದಿಲ್ಲ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಸಾವಾದರೆ ಒಬ್ಬರಿಗೆ 6 ಲಕ್ಷ. ಆಸ್ಪತ್ರೆ ಖರ್ಚಿಗೆ ಒಬ್ಬರಿಗೆ 2 ಲಕ್ಷದವರೆಗೆ, ಒಂದು ಅಪಘಾತಕ್ಕೆ ಒಟ್ಟು 30 ಲಕ್ಷದವರೆಗೆ. ನೋಂದಾಯಿತ ವಿಳಾಸದ ಮನೆಗೆ ಆದ ನಷ್ಟಕ್ಕೆ 2 ಲಕ್ಷದವರೆಗೆ. ಆದರೆ 14.2 ಕೆಜಿಯ ಕೆಂಪು ಸಿಲಿಂಡರ್ ಮನೆ ಅಡುಗೆಗೆ ಮಾತ್ರ. ವ್ಯಾಪಾರಕ್ಕೆ 19 ಕೆಜಿಯದು ಬೇರೆ ಇದೆ. ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಬಾರದು ಅಂತ 2000ನೇ ಇಸವಿಯ ಎಲ್‌ಪಿಜಿ ಆದೇಶದಲ್ಲೇ ಇದೆ. ಸಣ್ಣದಾಗಿ ಮಾಡುವವರು ಯಾರೂ ಬೇರೆ ಸಿಲಿಂಡರ್ ಇಡುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೂ ಏನಾದರೂ ಆದ ದಿನ ಸರ್ವೇಯರ್, ಅಂದರೆ ನಷ್ಟ ಅಂದಾಜು ಮಾಡುವವರು, ಬಂದು ಮೊದಲು ನೋಡುವುದು ಒಲೆಯ ಪಕ್ಕದಲ್ಲಿ ಯಾವ ಸಿಲಿಂಡರ್ ಇದೆ ಅಂತಲೇ. ಈ ವಿಷಯದಲ್ಲಿ ಉಳಿತಾಯ ನೋಡಬೇಡ. ಕಮರ್ಷಿಯಲ್ ಕನೆಕ್ಷನ್ ತಗೋ. ಹಾಗೆಯೇ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲಿನ ತಾರೀಕು ನೋಡು. 5 ವರ್ಷ ಆಗಿದ್ದರೆ ಬದಲಿಸು.

ಮನೆ ಪಾಲಿಸಿ ಇದೆಯಾ ಗೊತ್ತಿಲ್ಲ. ಹೋಮ್ ಲೋನ್ ಜೊತೆ ಬ್ಯಾಂಕಿನವರು ಮಾಡಿಸಿರಬಹುದು, ನೋಡು. 2021ರಿಂದ ಎಲ್ಲ ಕಂಪನಿಗಳಲ್ಲೂ ಭಾರತ್ ಗೃಹ ರಕ್ಷಾ ಅಂತ ಒಂದೇ ಮಾದರಿಯ ಪಾಲಿಸಿ ಸಿಗುತ್ತದೆ. ಬೆಂಕಿ, ಪ್ರವಾಹ ಇಂಥದ್ದಕ್ಕೆ ಅದು ಒಳ್ಳೆಯದೇ. ಆದರೆ ಅದು ವಾಸದ ಮನೆಯ ಪಾಲಿಸಿ. ಮಾರಾಟಕ್ಕೆ ಇಟ್ಟ ಮಾಲು ಮನೆ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಅಡುಗೆ ತಿಂದು ಬೇರೆಯವರಿಗಾದ ತೊಂದರೆಗೂ ಅದಕ್ಕೂ ಸಂಬಂಧವೇ ಇಲ್ಲ. ಮನೆಯಲ್ಲಿ ಅಡುಗೆ ಮಾಡಿ ಮಾರುತ್ತೇನೆ ಅಂತ ಕಂಪನಿಗೆ ಇಮೇಲ್ ಹಾಕು, ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೋ. ಪಾಲಿಸಿಗೆ ಅರ್ಜಿ ಹಾಕುವ ಪ್ರಪೋಸಲ್ ಫಾರಂನಲ್ಲಿ ಉದ್ಯೋಗ ಅಂತ ಇರುವ ಕಡೆ "ಗೃಹಿಣಿ" ಅಂತ ಬರೆಸಿ, ಕ್ಲೈಮ್ ಬಂದಾಗ ವ್ಯಾಪಾರ ಹೊರಗೆ ಬಂದು ಪೇಚಾಡಿದವರನ್ನು ನಾನೇ ನೋಡಿದ್ದೇನೆ. ಏಜೆಂಟರು "ಅದೆಲ್ಲ ಬೇಡ ಮೇಡಂ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗತ್ತೆ" ಅನ್ನುತ್ತಾರೆ. ಕ್ಲೈಮ್ ದಿನ ಅವರ ಫೋನ್ ಸ್ವಿಚ್ ಆಫ್ ಇರುತ್ತದೆ.

ಈಗ ನೀನು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ. ತಿಂದವರಿಗೆ ತೊಂದರೆ ಆದರೆ ಅನ್ನುವುದಕ್ಕೆ ಇರುವುದು ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ. ಪಬ್ಲಿಕ್ ಲಯಬಿಲಿಟಿ ಅಂತ ಇನ್ನೊಂದಿದೆ. ಡಬ್ಬಿ ಒಯ್ಯಲು ಬಂದವರು ನಿನ್ನ ಮನೆಯಲ್ಲಿ ಜಾರಿ ಬಿದ್ದರೆ ಅದು. ಎರಡನ್ನೂ ಗೊಂದಲ ಮಾಡಿ ಮಾರುವವರಿದ್ದಾರೆ, ಅದಕ್ಕೇ "ಆಹಾರದಿಂದ ಆದ ಹಾನಿ ಇದರಲ್ಲಿ ಸೇರಿದೆಯಾ" ಅಂತ ನೇರವಾಗಿ ಕೇಳು. ಒಂದು ಘಟನೆಗೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು ಅಂತ ಎರಡು ಮಿತಿ ಇರುತ್ತದೆ. ಮೊದಲಿನ ಸ್ವಲ್ಪ ಮೊತ್ತ ನಿನ್ನ ಕೈಯಿಂದಲೇ ಹೋಗುತ್ತದೆ. ದಂಡ ಬಿದ್ದರೆ ಕಂಪನಿ ಕಟ್ಟುವುದಿಲ್ಲ. ಕೆಟ್ಟ ಹೋಳಿಗೆಯ ಬದಲು ಬೇರೆ ಮಾಡಿಕೊಟ್ಟ ಖರ್ಚನ್ನೂ ಕೊಡುವುದಿಲ್ಲ. ಕಂಪನಿಯ ಒಪ್ಪಿಗೆ ತೆಗೆದುಕೊಂಡರೆ ಲಾಯರ್ ಖರ್ಚು ಕೊಡುತ್ತದೆ. ನನ್ನ ಪ್ರಕಾರ ಈ ಪಾಲಿಸಿಯ ದೊಡ್ಡ ಉಪಯೋಗವೇ ಅದು.

ಇದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೋ. ಪಾಲಿಸಿ ತೆಗೆದುಕೊಂಡ ಮೇಲೆ ಯಾರಾದರೂ ದೂರಿದರೆ ನೀನಾಗಿ "ನನ್ನದೇ ತಪ್ಪು, ಆಸ್ಪತ್ರೆ ಬಿಲ್ ಕೊಡುತ್ತೇನೆ" ಅಂತ ಮೆಸೇಜ್ ಹಾಕಬೇಡ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಬಾರದು, ದುಡ್ಡು ಕೊಡುತ್ತೇನೆ ಅನ್ನಬಾರದು ಅಂತ ಷರತ್ತು ಇರುತ್ತದೆ. ನಮ್ಮ ಕಡೆಯವರಿಗೆ ಇದು ಕಷ್ಟ, ಅಕ್ಕಪಕ್ಕದ ಮಗು ವಾಂತಿ ಮಾಡಿಕೊಂಡರೆ ಸುಮ್ಮನಿರಲು ಮನಸ್ಸು ಬರುವುದಿಲ್ಲ. ಹೋಗಿ ನೋಡು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಅದಕ್ಕೆ ಯಾವ ಪಾಲಿಸಿಯೂ ಅಡ್ಡ ಬರುವುದಿಲ್ಲ. ತಪ್ಪೊಪ್ಪಿಗೆ ಪತ್ರದ ಥರ ಬರೆಯಬೇಡ, ಅಷ್ಟೇ. ಅವತ್ತೇ ಕಂಪನಿಗೆ ತಿಳಿಸು.

ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ಪ್ರಾಧಿಕಾರದ ರಿಜಿಸ್ಟ್ರೇಷನ್ ಮಾಡಿಸಿದ್ದೀಯಾ? ಪೋಸ್ಟ್‌ನಲ್ಲಿ ಆ ಮಾತೇ ಇಲ್ಲ. ಮನೆಯಿಂದ ಮಾರುವವರಿಗೂ ಅದು ಬೇಕು, 14 ಅಂಕಿಯ ನಂಬರ್ ಕೊಡುತ್ತಾರೆ. ಅದಿಲ್ಲದೆ ಪಾಲಿಸಿ ಕೇಳಿದರೆ ಕಂಪನಿಯವರೂ ಮುಖ ನೋಡುತ್ತಾರೆ. ಮೊದಲು ಅದನ್ನು ಮುಗಿಸು. ಪ್ರೀಮಿಯಂ ನಿನ್ನ ವರ್ಷದ ವಹಿವಾಟು ಮತ್ತು ಮಿತಿ ನೋಡಿ ನಿಲ್ಲುತ್ತದೆ, ಎರಡು ಮೂರು ಕಡೆ ಕೋಟ್ ತರಿಸು. ಇಷ್ಟು ಸಣ್ಣದಕ್ಕೆ ಆಸಕ್ತಿ ತೋರಿಸದವರೂ ಸಿಗುತ್ತಾರೆ, ಬೇಜಾರಾಗಬೇಡ.

ಸದ್ಯಕ್ಕೆ ಹೋಳಿಗೆ, ಚಕ್ಕುಲಿ, ಅಷ್ಟು ಡಬ್ಬಿ ನಡೆಯಲಿ. ಕಡಲೆಬೀಜ, ಗೋಡಂಬಿ ಹಾಕಿದ್ದರೆ ಪ್ಯಾಕೆಟ್ ಮೇಲೆ ಬರೆದು ಅಂಟಿಸು. ಆದರೆ ಗೃಹಪ್ರವೇಶದ 150 ಜನರ ಊಟ ಒಪ್ಪಿಕೊಳ್ಳಲಾ ಅಂತ ಕೇಳಿದ್ದೀಯಲ್ಲ, ಅದು ಬೇಡ. ಹತ್ತು ಡಬ್ಬಿಯಲ್ಲಿ ಏನೋ ಆದರೆ ಹತ್ತು ಮನೆ. ಗೃಹಪ್ರವೇಶದಲ್ಲಾದರೆ ಬೆಳಿಗ್ಗೆ ಮಾಡಿದ ಅಡುಗೆ ಶಾಮಿಯಾನದಡಿ ಮಧ್ಯಾಹ್ನದವರೆಗೆ ಕಾಯುತ್ತದೆ, ನಿನ್ನ ಕೈಯಲ್ಲಿ ಇರುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ, ಹೊರಗಿನ ಕೇಟರಿಂಗೂ ಅದರಲ್ಲಿ ಸೇರಿದೆ ಅಂತ ಖಾತ್ರಿಯಾದ ಮೇಲೆ ನೋಡೋಣ.

ಸ್ಕೂಟರ್ ಪಾಲಿಸಿ, ಮನೆ ಪಾಲಿಸಿ ಇದ್ದರೆ ಅದು, ಎರಡರ ಫೋಟೊ ನನಗೆ ಬೇರೆಯಾಗಿ ಕಳಿಸು. ಗ್ರೂಪಿಗೆ ಹಾಕಬೇಡ, ಅದರಲ್ಲಿ ನಿನ್ನ ಫೋನ್ ನಂಬರ್, ವಿಳಾಸ ಎಲ್ಲ ಇರುತ್ತದೆ. ರಾತ್ರಿ ಓದಿ ಹೇಳುತ್ತೇನೆ.