ಕಲ್ಲು ನೋಡುತ್ತಾ ಹತ್ತಲು ಬಯಲುಸೀಮೆಯಲ್ಲಿ ಯಾವ ಬೆಟ್ಟ ಒಳ್ಳೆಯದು?

ವಿಜಯನಗರದ ಅಮ್ಮ:

ನಮಸ್ಕಾರ. ಮಗಳು ಈ ವರ್ಷ ಬಿಎಸ್ಸಿಗೆ ಭೂವಿಜ್ಞಾನ ತೆಗೆದುಕೊಂಡಿದ್ದಾಳೆ. ನಾವಿಬ್ಬರೂ ಬೆಟ್ಟ ಹತ್ತುವವರೇ, ಆದರೆ ಇಲ್ಲಿಯವರೆಗೆ ಹೋಗಿದ್ದೆಲ್ಲ ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಗಿನ ಕಡೆ. ಈಗ ಅವಳದು ಬೇರೆಯೇ ಹಟ. ಅಲ್ಲೆಲ್ಲ ಹುಲ್ಲು, ಮಂಜು ಬಿಟ್ಟರೆ ಬಂಡೆ ಎಲ್ಲಿ ಕಾಣುತ್ತದೆ, ನನಗೆ ಕಲ್ಲು ಕಣ್ಣಿಗೆ ಕಾಣಬೇಕು, ಕೈಯಲ್ಲಿ ಮುಟ್ಟಬೇಕು ಅನ್ನುತ್ತಾಳೆ. ಬೆಂಗಳೂರಿನ ಸುತ್ತ ಇರುವ ಬಂಡೆ ಬೆಟ್ಟಗಳಲ್ಲಿ ಹತ್ತುವುದಕ್ಕೂ ಚೆನ್ನಾಗಿದ್ದು, ಕಲಿಯುವುದಕ್ಕೂ ಏನಾದರೂ ಇರುವಂಥವು ಯಾವುವು? ಡಿಸೆಂಬರ್‌ನಲ್ಲಿ ರಜೆ ಇದೆ, ಕಾರಿದೆ. ನನಗೆ ಮಂಡಿ ಗಟ್ಟಿ, ಆದರೆ ನುಣ್ಣನೆ ಬಂಡೆ ಮೇಲೆ ನಿಂತರೆ ಸ್ವಲ್ಪ ತಲೆ ಸುತ್ತುತ್ತದೆ, ಅದನ್ನೂ ನೆನಪಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ತುಮಕೂರು:

ಮಗಳ ಹಟ ಸರಿಯಾಗಿದೆ ತಾಯಿ. ಬೆಂಗಳೂರಿನ ಪಕ್ಕದಲ್ಲೇ ಇಂಥ ಸಾಲು ಇದೆ, ಜನ ಸುಮ್ನೆ ದೂರ ಓಡುತ್ತಾರೆ.

ದಕ್ಷಿಣದಲ್ಲಿ ಕನಕಪುರದ ಕಬ್ಬಾಳದುರ್ಗದ ಕಡೆಯಿಂದ ಶುರುವಾಗಿ ರಾಮನಗರ, ಮಾಗಡಿ, ಕೊರಟಗೆರೆ, ಮಧುಗಿರಿ, ಪಾವಗಡ ದಾಟಿ ಹಂಪಿಯವರೆಗೆ ಒಂದೇ ಗ್ರಾನೈಟ್ ಪಟ್ಟಿ ಹೋಗುತ್ತದೆ. ಸುಮಾರು 400 ಕಿ.ಮೀ. ಉದ್ದ. ರಾಮನಗರದ ಹಳೆಯ ಹೆಸರಿನ ಮೇಲೆ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಸುತ್ತಲಿನ ನೈಸ್ (gneiss) ಅನ್ನುವ ಪಟ್ಟೆ ಪಟ್ಟೆ ಕಲ್ಲು ಇದಕ್ಕಿಂತ ಹಳೆಯದು, ಲಾಲ್‌ಬಾಗ್ ಬಂಡೆ ಅದೇ. ನೈಸ್ ಸವೆದು ಬಯಲಾಯಿತು, ಗ್ರಾನೈಟ್ ಗಟ್ಟಿಯಾಗಿ ನಿಂತಿತು. ಅದಕ್ಕೇ ಬಯಲಿನ ಮಧ್ಯೆ ಈ ಬೆಟ್ಟಗಳು ಇದ್ದಕ್ಕಿದ್ದಂತೆ ಏಳುತ್ತವೆ.

ಮಗಳಿಗೆ ಮುಖ್ಯವಾಗಿ ಹೇಳಬೇಕಾದ್ದು ಇದು. ಒಂದು ಮಣೆಯ ತುದಿಯನ್ನು ಎತ್ತಿದ ಹಾಗೆ ನಮ್ಮ ಕರ್ನಾಟಕದ ನೆಲದ ದಕ್ಷಿಣ ಭಾಗ ಮೇಲೆದ್ದಿದೆ, ಎದ್ದ ಭಾಗ ಕೋಟ್ಯಂತರ ವರ್ಷ ಸವೆದು ಆಳದ ಕಲ್ಲು ಹೊರಗೆ ಬಿದ್ದಿದೆ. ಉತ್ತರಕ್ಕೆ ಹೋದಷ್ಟೂ ಕಡಿಮೆ ಆಳದಲ್ಲಿ ಗಟ್ಟಿಯಾದ ಕಲ್ಲು ಸಿಗುತ್ತದೆ. ಅಂದರೆ ಕಬ್ಬಾಳದಿಂದ ಹಂಪಿಗೆ ಹೋಗುವವರು, ಗೊತ್ತಿಲ್ಲದೆಯೇ, ನೆಲದಡಿ ಇಪ್ಪತ್ತು ಕಿಲೋಮೀಟರ್‌ ಆಳದ ಆಸುಪಾಸಿನಿಂದ ಮೇಲೆ ಮೇಲೆ ಬರುತ್ತಿರುತ್ತಾರೆ. ಪುಸ್ತಕದಲ್ಲಿ ಚಿತ್ರ ಬರೆದು ತೋರಿಸುವುದನ್ನು ಇಲ್ಲಿ ನಡೆದು ನೋಡಬಹುದು. ಹಾಗಾಗಿ ಬೆಟ್ಟಗಳನ್ನು ಒಂದೊಂದಾಗಿ ಆರಿಸಬೇಡಿ, ದಕ್ಷಿಣದಿಂದ ಉತ್ತರಕ್ಕೆ ಕ್ರಮವಾಗಿ ಹತ್ತಿ.

ಕಬ್ಬಾಳದಲ್ಲಿ ಬೆಟ್ಟಕ್ಕಿಂತ ಮೊದಲು ಊರಿನ ಹತ್ತಿರದ ಹಳೆಯ ಕಲ್ಲು ಕ್ವಾರಿ ನೋಡಬೇಕು. ಬೂದು ಬಣ್ಣದ ಪಟ್ಟೆ ಪಟ್ಟೆ ನೈಸ್ ಮಧ್ಯೆ ಅಲ್ಲಲ್ಲಿ ಎಣ್ಣೆ ಹಚ್ಚಿದಂಥ ಕಡು ಹಸಿರು ಮಚ್ಚೆ ಕಾಣುತ್ತದೆ. ಅಲ್ಲಿ ಪಟ್ಟೆಗಳು ಅಳಿಸಿಹೋಗಿರುತ್ತವೆ, ಹರಳು ದಪ್ಪವಾಗಿರುತ್ತವೆ. ಅದು ಚಾರ್ನೊಕೈಟ್. ಆಳದಲ್ಲಿ, ವಿಪರೀತ ಶಾಖದಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಬಿರುಕುಗಳಲ್ಲಿ ಹಾದು ಹೋಗಿ ಕಲ್ಲಿನ ನೀರಿನಂಶ ಕಡಿಮೆ ಮಾಡಿದಾಗ ಹೀಗಾಗುತ್ತದೆ. ಒಂದು ಕಲ್ಲು ಇನ್ನೊಂದು ಕಲ್ಲಾಗುವುದು ಅರ್ಧದಲ್ಲೇ ನಿಂತಿದೆ ಅಲ್ಲಿ. ಹೊರದೇಶದ ಭೂವಿಜ್ಞಾನಿಗಳು ಇದನ್ನು ನೋಡಲೆಂದೇ ಕಬ್ಬಾಳಕ್ಕೆ ಬಂದಿದ್ದಾರೆ. ಬೆಂಗಳೂರಿನವರಿಗೇ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

ರಾಮನಗರ, ಮಾಗಡಿ ಕಡೆ ಬಂದರೆ ಗ್ರಾನೈಟ್‌ನಲ್ಲಿ ದಪ್ಪ ದಪ್ಪ ಗುಲಾಬಿ ಫೆಲ್ಡ್‌ಸ್ಪಾರ್ ಖನಿಜದ ಹರಳುಗಳು. ಹಲವು ಕಡೆ ಅವು ಒಂದೇ ದಿಕ್ಕಿಗೆ ಮಲಗಿರುತ್ತವೆ, ಕಲ್ಲು ಕರಗಿ ಹರಿಯುತ್ತಿದ್ದ ದಿಕ್ಕು ಅದು. ನಡುವೆ ಕಾಗೆಬಂಗಾರದ ಕರಿ ಚುಕ್ಕೆ, ಬೆಣಚುಕಲ್ಲಿನ ಹೊಳಪು. ಈ ಸೀಮೆಯಲ್ಲಿ ಬಂಡೆ ಸೀಳಿಕೊಂಡು ಹೋದ ಕಪ್ಪು ಪಟ್ಟಿ ಸಿಕ್ಕರೆ ಅದು ಡೈಕ್, ಆಮೇಲೆ ನುಗ್ಗಿದ ಕರಿಕಲ್ಲು. ಬೆಂಗಳೂರು ಸುತ್ತಿನ ದೊಡ್ಡ ಡೈಕ್‌ಗಳು ಸುಮಾರು 237 ಕೋಟಿ ವರ್ಷದ ಹಿಂದಿನವು.

ಮಾಗಡಿ ಹುಡುಗ:

ಮೇಷ್ಟ್ರು ಕಲ್ಲಿನ ವಿಷಯ ಹೇಳಿದರು, ನಾನು ಹತ್ತುವ ವಿಷಯ ಹೇಳುತ್ತೇನೆ, ಸಾವನದುರ್ಗ ನಮ್ಮ ಮನೆಯಿಂದ ಕಾಣುತ್ತದೆ.

1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ಜನ ಹತ್ತುವುದು ಕರಿಗುಡ್ಡ. ಕೆಳಗೆ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಸ್ಥಾನ ಇವೆ, ಅಲ್ಲಿಂದ ದಾರಿ. ಮೆಟ್ಟಿಲು ಇಲ್ಲ, ಪೂರ್ತಿ ಇಳಿಜಾರು ಬಂಡೆ. ಒಣಗಿದ್ದರೆ ಶೂ ಚೆನ್ನಾಗಿ ಹಿಡಿಯುತ್ತದೆ. ಒದ್ದೆಯಾಗಿದ್ದರೆ ಹತ್ತಲೇಬೇಡಿ ಅಕ್ಕ. ಕಪ್ಪಗೆ ನೀರು ಹರಿದ ಗುರುತು ಇರುವ ಕಡೆ ಪಾಚಿ ಇರುತ್ತದೆ, ಒಣಗಿದೆ ಅನ್ನಿಸಿದರೂ ಅದರ ಮೇಲೆ ಕಾಲಿಡಬೇಡಿ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗಲೇ ಎಲ್ಲರೂ ಜಾರುವುದು, ಅದರಲ್ಲೂ ದಾರಿ ಬಿಟ್ಟು ಸೆಲ್ಫಿಗೆ ಅಂತ ಪಕ್ಕಕ್ಕೆ ಹೋದವರು ಮುಂದೆ ಬಂಡೆ ಕಡಿದಾಗಿ ಬೀಳುತ್ತದೆ ಅಂತ ತಿಳಿಯದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಬೆಳಿಗ್ಗೆ ಬೇಗ ಹೊರಡಿ, ಹನ್ನೊಂದರ ಮೇಲೆ ಡಿಸೆಂಬರ್‌ನಲ್ಲೂ ಬಂಡೆ ಕಾಯುತ್ತದೆ. ನೀರು ಜಾಸ್ತಿ ಇರಲಿ. ಹೆಜ್ಜೇನು ಇರುವ ಜಾಗ, ಸೆಂಟ್ ಹಾಕಿಕೊಂಡು ಬರಬೇಡಿ, ಬೆಂಕಿ ಹೊಗೆ ಏನೂ ಬೇಡ. ಕರಡಿ, ಚಿರತೆ ಇರುವ ಕಾಡು, ಕತ್ತಲಾಗುವ ಮೊದಲು ಕೆಳಗಿರಿ. ಟಿಕೆಟ್ ವಿಷಯ ಹೊರಡುವ ಮೊದಲು ಅರಣ್ಯ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ. ಮತ್ತೆ, ಇಳಿದ ಮೇಲೆ ಸೆಕೆ ಅಂತ ಹತ್ತಿರದ ಮಂಚನಬೆಲೆ ಜಲಾಶಯದ ನೀರಿಗೆ ಇಳಿಯಬೇಡಿ. ಅಲ್ಲಿ ತುಂಬಾ ಜನ ಮುಳುಗಿದ್ದಾರೆ.

ವಿಜಯನಗರದ ಅಮ್ಮ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಮಗಳು ನೋಟ್‌ಬುಕ್‌ಗೆ ಇಳಿಸಿಕೊಂಡಳು. ಎರಡು ಪ್ರಶ್ನೆ. ಮಧುಗಿರಿ ನನ್ನಂಥವರಿಗೆ ಆಗುತ್ತದಾ? ಇನ್ನೊಂದು, ಕಾಲೇಜಿಗೆ ತೋರಿಸಲು ಸಣ್ಣ ಕಲ್ಲಿನ ಚೂರು ತರಬಹುದಾ?

ಕೊರಟಗೆರೆ ಸವಿತಕ್ಕ:

ಮಧುಗಿರಿ ಆಗುತ್ತದೆ, ಪೂರ್ತಿ ಅಲ್ಲ. ಕೋಟೆಯ ಬಾಗಿಲುಗಳನ್ನು ದಾಟಿ ಹೋಗುವ ಮೊದಲ ಭಾಗದಲ್ಲಿ ಮೆಟ್ಟಿಲಿದೆ, ಆರಾಮ. ಆಮೇಲೆ ಬರಿಯ ಬಂಡೆ, ಕಾಲಿಡಲು ಕೆತ್ತಿದ ಸಣ್ಣ ಗುಳಿಗಳು, ಕೆಲವು ಕಡೆ ಹಿಡಿದುಕೊಳ್ಳಲು ಕಂಬಿ. ತಲೆ ಸುತ್ತುವವರು ಅಲ್ಲಿ ಕೂತುಬಿಡಿ, ಮಗಳು ಹೋಗಿ ಬರಲಿ. ಕೂತ ಜಾಗದಿಂದಲೇ ಕೆರೆಗಳು, ಅಡಿಕೆ ತೆಂಗಿನ ತೋಟ, ಸುತ್ತಲಿನ ಬೆಟ್ಟಗಳು ಎಲ್ಲ ಕಾಣುತ್ತವೆ. ನಾನು ಹುಟ್ಟಿ ಬೆಳೆದ ಸೀಮೆ, ಪ್ರೀತಿ ಇದೆ ಅಂತಲೇ ಹೇಳುತ್ತಿದ್ದೇನೆ, ಮಳೆಗಾಲ ಮುಗಿದ ಮೇಲೆ ಈ ನೋಟ ಯಾವ ಮಲೆನಾಡಿಗೂ ಕಡಿಮೆ ಇಲ್ಲ.

ಮೇಷ್ಟ್ರು ಹೇಳಿದ ಸಾಲು ಸರಿ, ಆದರೆ ಒಂದೇ ರಜೆಯಲ್ಲಿ ಎಲ್ಲ ಬೇಡ. ಕಬ್ಬಾಳದುರ್ಗದ ತುದಿ ಸಾವನದುರ್ಗಕ್ಕಿಂತ ಕಡಿದು, ನಿಮಗೆ ಬೇಡ ಅನ್ನುತ್ತೇನೆ, ಕ್ವಾರಿ ನೋಡಿ ವಾಪಸ್ ಬನ್ನಿ. ಹೊರಡುವ ಹಿಂದಿನ ವಾರ ಲಾಲ್‌ಬಾಗ್ ಬಂಡೆ ಮೇಲೆ ಅರ್ಧ ಗಂಟೆ ಕಳೆಯಿರಿ. ಅಲ್ಲಿ ನೈಸ್‌ನ ಪಟ್ಟೆ ನೋಡಿಕೊಂಡರೆ ಗ್ರಾನೈಟ್ ಎದುರಾದಾಗ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಬಂಡೆಗಳ ಮೇಲೆ ದೊಣೆಗಳು ಸಿಗುತ್ತವೆ, ಮಗಳಿಗೆ ತೋರಿಸಿ. ನೀರು ನಿಂತು ನಿಂತು ಫೆಲ್ಡ್‌ಸ್ಪಾರ್ ಮೆತ್ತಗಾಗಿ, ಹರಳು ಸಡಿಲವಾಗಿ, ಗಾಳಿ ಮಳೆಗೆ ಹೋಗಿ ಗುಳಿ ದೊಡ್ಡದಾಗುತ್ತದೆ. ಅದರಲ್ಲಿ ಕಪ್ಪೆ, ಹುಲ್ಲು, ಸಣ್ಣ ಹೂವು ಎಲ್ಲ ಇರುತ್ತವೆ. ದಯವಿಟ್ಟು ಕೈಕಾಲು ತೊಳೆಯುವುದಕ್ಕೆ ಬಳಸಬೇಡಿ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದರೆ ಗಲಾಟೆ ಬೇಡ, ಡ್ರೋನ್ ಬೇಡ. ಅದು 2012ರಿಂದ ರಣಹದ್ದು ಧಾಮ, ಬಂಡೆ ಅಂಚುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಬೆರಳೆಣಿಕೆಯಷ್ಟೇ ಉಳಿದಿವೆ.

ನಿವೃತ್ತ ಮೇಷ್ಟ್ರು, ತುಮಕೂರು:

ಸವಿತಕ್ಕ ಹೇಳಿದ್ದು ಒಪ್ಪಿದೆ, ಕಬ್ಬಾಳದ ತುದಿ ಬಿಡಿ.

ಚೂರಿನ ವಿಷಯ: ಕಾಡಿನೊಳಗೆ, ಕೋಟೆಯಲ್ಲಿ, ಸ್ಮಾರಕದಲ್ಲಿ ಒಂದು ಹರಳನ್ನೂ ತೆಗೆಯಬಾರದು. ಸುತ್ತಿಗೆ ಮನೆಯಲ್ಲಿ ಬಿಡಿ. ಕಲ್ಲಿನ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆದರೆ ಹರಳಿನ ಅಳತೆ ತಿಳಿಯುತ್ತದೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್ ಸಾಕು. ಚೂರು ಬೇಕೇ ಬೇಕು ಅಂದರೆ ಊರಿನ ಹತ್ತಿರ ಚಪ್ಪಡಿ ಒಡೆಯುವವರನ್ನು ಕೇಳಿ, ಸಂತೋಷವಾಗಿ ಕೊಡುತ್ತಾರೆ. ಅವರು ಕಲ್ಲು ಸೀಳುವುದನ್ನು ಮಗಳು ನೋಡಲಿ. ಬಂಡೆ ಮೇಲೆ ಬೆಂಕಿ ಹಾಕಿ ಕಾಯಿಸಿ ಪದರ ಬಿಡಿಸುವ ಹಳೆಯ ವಿಧಾನ ಗೊತ್ತಿರುವವರು ಸಿಕ್ಕರೆ ಇನ್ನೂ ಒಳ್ಳೆಯದು. ಕಲ್ಲಿನ ನಾರು, ಅಂದರೆ ಸುಲಭವಾಗಿ ಸೀಳುವ ದಿಕ್ಕು, ಯಾವ ಕಡೆ ಅಂತ ಉಳಿ ಇಡುವ ಮೊದಲೇ ಹೇಳುತ್ತಾರೆ, ನಾನು ಪಾಠ ಮಾಡಿದ ಎಷ್ಟೋ ವಿಷಯ ಅವರ ಕೈಯಲ್ಲಿದೆ.

ಹಂಪಿಗೆ ಈ ಸಲ ಆಗದಿದ್ದರೆ ಬೇಸಿಗೆ ಬಿಟ್ಟು ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮತಂಗ ಬೆಟ್ಟದ ಮೇಲೆ ನಿಂತು, ಸಾವನದುರ್ಗ ಯಾಕೆ ಒಂದೇ ಬಂಡೆ, ಇಲ್ಲಿ ಯಾಕೆ ಎಲ್ಲ ಗುಂಡುಗಳು ಅಂತ ಮಗಳನ್ನು ಕೇಳಿ. ಬಿರುಕು ದೂರ ದೂರ ಇದ್ದರೆ ಗುಮ್ಮಟ, ಒತ್ತೊತ್ತಾಗಿದ್ದರೆ ನೀರು ಒಳಗಿಳಿದು ಮೂಲೆಗಳು ಮೊದಲು ಸವೆದು ಗುಂಡು. ಬಹುಪಾಲು ಗುಂಡುಗಳು ಮಣ್ಣಿನಡಿಯಲ್ಲೇ ದುಂಡಗಾದವು, ಆಮೇಲೆ ಮಣ್ಣು ತೊಳೆದುಹೋಯಿತು. ಹೋಗುವ ದಾರಿಯಲ್ಲಿ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ತಿರುಗಿ. ಸಮುದ್ರದಡಿ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ ಅಲ್ಲಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಹತ್ತುವುದಕ್ಕೆ ಏನೂ ಇಲ್ಲ, ನಿಮ್ಮ ತಲೆಯೂ ಸುತ್ತುವುದಿಲ್ಲ.