ಸಹಾಯ ಬೇಕು: ಕಂಕನಾಡಿ ಸ್ಟೇಷನ್ನಿನ ಹಳೇ ಫೋಟೋ ಯಾರಲ್ಲಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಮಂಗಳೂರು ಜಂಕ್ಷನ್ ಬಗ್ಗೆ ಸ್ವಲ್ಪ ಬರೆದಿಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದು ಈಗಲೂ ‘ಕಂಕನಾಡಿ ಸ್ಟೇಷನ್’. ಇರುವುದು ಪಡೀಲಿನಲ್ಲಿ, ಹೆಸರು ಮಾತ್ರ ಕಂಕನಾಡಿಯದ್ದಾಗಿತ್ತು! ಕಂಕನಾಡಿಯಲ್ಲಿ ಬಸ್ ಇಳಿದು ಸ್ಟೇಷನ್ ಎಲ್ಲಿ ಅಂತ ಹುಡುಕಿದ ನೆಂಟರು ನಮ್ಮಲ್ಲೇ ಮೂವರಿದ್ದಾರೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ, ನೇತ್ರಾವತಿ ದಾಟಿ. ಹಾಸನದ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಲೈನ್ ಬಂದದ್ದು 1979ರಲ್ಲಿ. ಹಳಿ ಅಗಲಿಸಿ ಬ್ರಾಡ್ ಗೇಜ್ ಮಾಡುವುದಕ್ಕೆಂದು ಅದನ್ನು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ! ಅಷ್ಟರಲ್ಲಿ, 1998ರಲ್ಲಿ, ಕೊಂಕಣ ರೈಲ್ವೆ ಪೂರ್ತಿಯಾಗಿತ್ತು. ಕೇರಳದಿಂದ ಮುಂಬೈಗೆ ಹೋಗುವ ಹಲವು ರೈಲುಗಳು ನಗರದ ಇನ್ನೊಂದು ಸ್ಟೇಷನ್ ಆದ ಮಂಗಳೂರು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್ ಮೂಲಕವೇ ಹೋಗುತ್ತವೆ, ಅಲ್ವಾ?

ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನನಗೆ ಬೇಕಿರುವುದು ಜನರ ನೆನಪು. ಮೀಟರ್ ಗೇಜ್ ಕಾಲದಲ್ಲಿ ಪುತ್ತೂರಿನ ಕಡೆಯಿಂದ ಕೆಲಸಕ್ಕೋ ಕಾಲೇಜಿಗೋ ದಿನಾ ರೈಲಲ್ಲಿ ಬರುತ್ತಿದ್ದವರು ಇದ್ದೀರಾ? ಹಳೇ ರಟ್ಟಿನ ಟಿಕೆಟ್, ಸೀಸನ್ ಪಾಸ್, ‘ಕಂಕನಾಡಿ’ ಎಂದಿದ್ದ ಹಳದಿ ಬೋರ್ಡಿನ ಫೋಟೋ ಇದೆಯಾ? ಮೊಬೈಲಲ್ಲಿ ಸುಮ್ನೆ ಒಂದು ಫೋಟೋ ತೆಗೆದು ಕಳಿಸಿದರೂ ಸಾಕು. ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ. ನಾನೇ ಬಂದು ಮಾತಾಡಿಸಲೂ ರೆಡಿ, ಭಾನುವಾರವಾದರೆ ಒಳ್ಳೆಯದು.